ಜಬರ್ವಾನ್ ತಪ್ಪಲಿನ ಒಂದು ತಿಂಗಳ ವಸಂತ

ಶ್ರೀನಗರದ ದಾಲ್ ಸರೋವರದ ದಂಡೆಯನ್ನು ಬಳಸಿ ಹೋಗುವ ರಸ್ತೆಯಿಂದ ಚಶ್ಮೆಶಾಹಿಯ ಕಡೆಗೆ ತಿರುಗಿದರೆ, ಜಬರ್ವಾನ್ ಬೆಟ್ಟಸಾಲಿನ ಇಳುಕಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದುಬಂದಿರುವ ವಿಶಾಲವಾದ ಉದ್ಯಾನವೊಂದು ಕಾಣುತ್ತದೆ. ವರ್ಷದ ಹನ್ನೊಂದು ತಿಂಗಳು ಅದನ್ನು ನೋಡಿದವರಿಗೆ ಅಂಥ ವಿಶೇಷವೇನೂ ತೋರದು. ಬೇಸಗೆಯಲ್ಲಿ ಹುಲ್ಲು, ಶರತ್ಕಾಲದಲ್ಲಿ ಅಗೆದ ಮಣ್ಣು, ಚಳಿಗಾಲದಲ್ಲಿ ಹಿಮದ ಹೊದಿಕೆ, ಇಷ್ಟೆ. ಆದರೆ ಮಾರ್ಚಿ ತಿಂಗಳ ಕೊನೆಯ ದಿನಗಳಿಂದ ಏಪ್ರಿಲ್ ಮುಗಿಯುತ್ತ ಬರುವವರೆಗೆ ಅದೇ ನೆಲ ಕೆಂಪು, ಹಳದಿ, ಬಿಳಿ, ನೇರಿಳೆ ಪಟ್ಟೆಗಳ ಜಮಖಾನವಾಗಿ ಮಾರ್ಪಡುತ್ತದೆ. ಆಗ ಅಲ್ಲಿ ಸೇರುವ ಜನರನ್ನು ನೋಡಿದರೆ ದಸರೆಯ ಮೈಸೂರು ನೆನಪಾಗಬೇಕು.

ಹಿಂದೆ ಸಿರಾಜ್ ಬಾಗ್ ಎನಿಸಿಕೊಂಡಿದ್ದ ಈ ಸ್ಥಳ ಟುಲಿಪ್ ಹೂವಿನ ತೋಟವಾಗಿ 2007ರಲ್ಲಿ ತೆರೆಯಿತು. ಈಗಿನ ಹೆಸರು ಇಂದಿರಾ ಗಾಂಧಿ ಸ್ಮಾರಕ ಟುಲಿಪ್ ಉದ್ಯಾನ. ವಿಸ್ತಾರ ಸುಮಾರು 30 ಹೆಕ್ಟೇರ್, ಎಂದರೆ 74 ಎಕರೆ, ಏಳು ಮಜಲುಗಳು. ಮೊದಮೊದಲು ಸಾವಿರಗಳ ಲೆಕ್ಕದಲ್ಲಿ ನೆಟ್ಟ ಗೆಡ್ಡೆಗಳು ಬರಬರುತ್ತ ಲಕ್ಷಗಳನ್ನು ಮುಟ್ಟಿದವು. 2023ರಲ್ಲಿ 15 ಲಕ್ಷ ಹೂಗಳು, 68 ತಳಿಗಳು ಎಂದು ಎಣಿಸಿ, ಏಷ್ಯದಲ್ಲೇ ಅತಿ ದೊಡ್ಡ ಟುಲಿಪ್ ಉದ್ಯಾನವೆಂದು ಲಂಡನ್ನಿನ ವರ್ಲ್ಡ್ ಬುಕ್ ಆಫ್ ರೆಕಾರ್ಡ್ಸ್ ಇದನ್ನು ದಾಖಲೆಮಾಡಿಕೊಂಡಿತು. 2025ರ ವಸಂತದಲ್ಲಿ ಗೆಡ್ಡೆಗಳ ಸಂಖ್ಯೆ ಸುಮಾರು 17 ಲಕ್ಷಕ್ಕೆ ಏರಿತು.

ಅಂಕಿಗಳಿರಲಿ. ಇಷ್ಟು ಹೂಗಳು ಇಲ್ಲೇ ಏಕೆ ಅರಳುತ್ತವೆ, ಅಷ್ಟು ಬೇಗ ಏಕೆ ಮರೆಯಾಗುತ್ತವೆ ಎಂಬುದು ಅಂಕಿಗಳಿಗಿಂತ ಸ್ವಾರಸ್ಯವಾದ ಸಂಗತಿ.

ಟುಲಿಪ್ ಹುಟ್ಟುವುದು ಈರುಳ್ಳಿಯನ್ನು ಹೋಲುವ ಒಂದು ಗೆಡ್ಡೆಯಿಂದ. ಹೊರಗೆ ಕಂದುಬಣ್ಣದ ತೆಳುಸಿಪ್ಪೆ, ಒಳಗೆ ಆಹಾರ ತುಂಬಿದ ಬಿಳಿಯ ಪದರಗಳು. ಈ ಗೆಡ್ಡೆ ಬೇಸಗೆಯಲ್ಲಿ ಸತ್ತಂತೆ ಬಿದ್ದಿರುವುದು ಹೊರನೋಟಕ್ಕೆ ಮಾತ್ರ. ಎಲೆ ಒಣಗಿದ ಮೇಲೆ, ಹಿತವಾದ ಬೆಚ್ಚನೆಯಲ್ಲಿ, ಮುಂದಿನ ವರ್ಷದ ಹೂ ಅದರ ಗರ್ಭದಲ್ಲಿ ರೂಪುಗೊಳ್ಳುತ್ತದೆ. ಶರತ್ಕಾಲದಲ್ಲಿ ಗೆಡ್ಡೆಯನ್ನು ಉದ್ದಕ್ಕೆ ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ ಎಲೆ, ದಳ, ಕೇಸರ ಎಲ್ಲವೂ ಪುಟ್ಟದಾಗಿ ಮಡಿಸಿಟ್ಟಂತೆ ಕಾಣುತ್ತವೆ. ಹೀಗೆ ಸಿದ್ಧವಾದ ಹೂವಿಗೆ ಹೊರಬರಲು ಬೇಕಾದುದು ನೀರಲ್ಲ, ಗೊಬ್ಬರವಲ್ಲ; ಚಳಿ. ಒಂದೆರಡು ದಿನದ ಚಳಿಯೂ ಸಾಲದು. ಸುಮಾರು 9 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿನ ತಣ್ಣನೆಯ ಮಣ್ಣಿನಲ್ಲಿ ಹನ್ನೆರಡರಿಂದ ಹದಿನಾಲ್ಕು ವಾರ ಗೆಡ್ಡೆ ತಪಸ್ಸು ಮಾಡಬೇಕು. ಆಗ ಮಾತ್ರ ಕಾಂಡ ನೀಳವಾಗಿ ಬೆಳೆಯುವ ಶಕ್ತಿಯನ್ನು ಪಡೆಯುತ್ತದೆ. ಚಳಿ ಸಾಲದೆ ಹೋದ ಗೆಡ್ಡೆ ಮಣ್ಣಿನ ಮಟ್ಟದಲ್ಲೇ ಗಿಡ್ಡಗೆ ಮುದುಡಿದ ಹೂ ಬಿಡುತ್ತದೆ. ಇಲ್ಲವೆ ಎಲೆಗಳನ್ನಷ್ಟೇ ತೋರಿಸಿ ಸುಮ್ಮನಾಗುತ್ತದೆ.

ಈ ತಪಸ್ಸಿಗೆ ಶ್ರೀನಗರ ಒದಗಿಸುವ ಅನುಕೂಲ ದಕ್ಷಿಣದವರ ಊಹೆಗೆ ಸುಲಭವಾಗಿ ನಿಲುಕದು. ಸಮುದ್ರಮಟ್ಟದಿಂದ ಸುಮಾರು 1,585 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಾಲ ‘ಚಿಲ್ಲೈ ಕಲಾನ್’ ಎಂಬ ಮಹಾಚಳಿ ಆಳುತ್ತದೆ. ಅದು ಮುಗಿದರೆ ಇಪ್ಪತ್ತು ದಿನಗಳ ‘ಚಿಲ್ಲೈ ಖುರ್ದ್’, ಆಮೇಲೆ ಹತ್ತು ದಿನಗಳ ‘ಚಿಲ್ಲೈ ಬಚ್ಚ’. ದೊಡ್ಡ ಚಳಿ, ಚಿಕ್ಕ ಚಳಿ, ಮರಿ ಚಳಿ ಎಂದು ಕನ್ನಡಿಸಿಕೊಳ್ಳಬಹುದು. ಜನ ಫೆರನ್ ನಿಲುವಂಗಿಯೊಳಗೆ ಕಾಂಗಡಿಯ ಕೆಂಡವನ್ನು ಇಟ್ಟುಕೊಂಡು ದಿನ ನೂಕುವಾಗ ಮಣ್ಣಿನಡಿಯ ಗೆಡ್ಡೆ ಸುಖವಾಗಿ ಬೇರು ಬಿಡುತ್ತಿರುತ್ತದೆ. ಮೇಲೆ ಬಿದ್ದ ಹಿಮ ಅದಕ್ಕೆ ಶತ್ರುವಲ್ಲ. ಹಿಮವೆಂಬುದು ಒಂದು ಬಗೆಯ ಕಂಬಳಿ. ಗಾಳಿಯ ಉಷ್ಣಮಾನ ಸೊನ್ನೆಗಿಂತ ಎಷ್ಟೋ ಕೆಳಗಿಳಿದರೂ ಹಿಮದ ಕೆಳಗಿನ ಮಣ್ಣು ಅಷ್ಟು ತಣಿಯುವುದಿಲ್ಲ. ಅದು ಕರಗಿದಾಗ ನೀರೂ ದೊರೆಯುತ್ತದೆ. ಗೆಡ್ಡೆಗೆ ನಿಜವಾದ ಶತ್ರು ನಿಂತ ನೀರು. ಅದರಲ್ಲಿ ಅದು ಕೊಳೆತುಹೋಗುತ್ತದೆ. ತೋಟವನ್ನು ಬಯಲಿನಲ್ಲಿ ಮಾಡದೆ ಬೆಟ್ಟದ ಇಳುಕಲಿನಲ್ಲಿ ಮಾಡಿದುದರಿಂದ ಆ ಭಯ ಬಹಳಮಟ್ಟಿಗೆ ತಪ್ಪಿದೆ.

ಹೋಲಿಕೆಗೆ ಬೆಂಗಳೂರನ್ನು ತೆಗೆದುಕೊಳ್ಳಿ. ತಂಪು ಹವೆಗೆ ಹೆಸರಾದ ಆ ಊರಿನಲ್ಲಿ ಇದುವರೆಗೆ ದಾಖಲಾದ ಅತ್ಯಂತ ಕಡಿಮೆ ಉಷ್ಣಮಾನ 7.8 ಡಿಗ್ರಿ, ಅದೂ 1884ರ ಜನವರಿಯಷ್ಟು ಹಿಂದೆ. ಟುಲಿಪ್ ಗೆಡ್ಡೆ ಮೂರು ತಿಂಗಳು ಬೇಡುವ ಚಳಿಯನ್ನು ಬೆಂಗಳೂರು ನೂರಾರು ವರ್ಷಗಳಲ್ಲಿ ಬೆರಳೆಣಿಕೆಯ ರಾತ್ರಿಗಳಲ್ಲಿ ಮಾತ್ರ ಕೊಟ್ಟಿದೆ. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗಿನಲ್ಲಿ ಲೋಕದ ನಾನಾ ಭಾಗಗಳ ಗಿಡಮರಗಳು ನೆಲೆಯೂರಿದರೂ ಟುಲಿಪ್ಪಿನ ಪಾತಿಗಳು ವರ್ಷವರ್ಷವೂ ತಾವಾಗಿ ಅರಳದಿರುವುದಕ್ಕೆ ತೋಟಗಾರರ ಉದಾಸೀನ ಕಾರಣವಲ್ಲ.

ಚಳಿಯ ಲೆಕ್ಕ ಎಲ್ಲ ಟುಲಿಪ್ಪುಗಳಿಗೂ ಒಂದೇ ಆಗಿದ್ದಿದ್ದರೆ 17 ಲಕ್ಷ ಗೆಡ್ಡೆಗಳೂ ಒಂದೇ ವಾರದಲ್ಲಿ ಅರಳಿ ಒಂದೇ ವಾರದಲ್ಲಿ ಉದುರಿಹೋಗುತ್ತಿದ್ದವು. ತೋಟದ ಆಯುಸ್ಸು ಸುಮಾರು ಒಂದು ತಿಂಗಳಿಗೆ ಲಂಬಿಸುವುದು ತಳಿಗಳ ಭೇದದಿಂದಲೇ. ಟುಲಿಪ್ ಬೆಳೆಗಾರರು ಇವುಗಳನ್ನು ಹದಿನೈದು ವರ್ಗಗಳಾಗಿ ವಿಂಗಡಿಸಿದ್ದಾರೆ. ಯಾವುದು ಮೊದಲು, ಯಾವುದು ಕೊನೆಗೆ ಎಂಬುದನ್ನು ಬಲ್ಲವನು ಒಂದು ಪಾತಿ ಬಾಡುವ ಹೊತ್ತಿಗೆ ಪಕ್ಕದ ಪಾತಿ ಕಣ್ದೆರೆಯುವಂತೆ ನೆಡಬಲ್ಲ. ಅದರಲ್ಲಿದೆ ಮಾಲಿಯ ಜಾಣ್ಮೆ.

ಮೊದಲು ಬರುವವು ಮಧ್ಯ ಏಷ್ಯದ ಬೆಟ್ಟಗಳ ಕಾಡುಜಾತಿಗಳಿಗೆ ಹತ್ತಿರವಾದವು. ಕಾಫ್‌ಮನ್ ವರ್ಗದ ಟುಲಿಪ್ ಗೇಣುದ್ದಕ್ಕೆ ಮಿಗಿಲಾಗಿ ಬೆಳೆಯುವುದೇ ಅಪರೂಪ. ಬಿಸಿಲು ಬಿದ್ದೊಡನೆ ನೈದಿಲೆಯಂತೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅದರ ಹಿಂದೆಯೇ ಫಾಸ್ಟರ್ ವರ್ಗದವು. ಇವುಗಳಲ್ಲಿ ‘ಪ್ಯೂರಿಸಿಮಾ’ ಎಂಬ ಬಿಳಿಯ ತಳಿ ಪ್ರಸಿದ್ಧವಾದುದು. ಮೊಗ್ಗಾಗಿರುವಾಗ ಕೆನೆಯ ಬಣ್ಣ, ಅರಳುತ್ತ ಅರಳುತ್ತ ಹಾಲಿನ ಬಿಳುಪು. ಇವು ಅರಳುವ ಹೊತ್ತಿಗೆ ಹರಿಪರ್ವತದ ಬುಡದ ಬಾದಾಮ್‌ವಾರಿಯಲ್ಲಿ ಬಾದಾಮಿ ಮರಗಳ ಹೂವು ಉದುರುತ್ತಿರುತ್ತದೆ. ಚಿನಾರ್ ಮರಗಳು ಮಾತ್ರ ಇನ್ನೂ ಬೋಳಾಗಿಯೇ ನಿಂತಿರುತ್ತವೆ.

ಏಪ್ರಿಲ್ ಕಾಲಿಟ್ಟಿತೆಂದರೆ ನಡುಗಾಲದ ಸರದಿ. ಟ್ರಯಂಫ್ ವರ್ಗವೆಂಬುದು ಟುಲಿಪ್ ಕುಲದ ಗೃಹಸ್ಥ. ಅದರಲ್ಲಿ ಅತಿಶಯವೇನೂ ಇಲ್ಲ. ಬಟ್ಟಲಿನಂಥ ಸರಳವಾದ ಹೂ, ಮೊಳದೆತ್ತರದ ಗಟ್ಟಿ ಕಾಂಡ, ಬೇಕಾದ ಬಣ್ಣ. ಗಾಳಿ ಮಳೆಗೆ ತಲೆಬಾಗದಿರುವುದೇ ಅದರ ದೊಡ್ಡ ಗುಣ. ದೂರದಿಂದ ನೋಡಿದಾಗ ಪಟ್ಟೆಗಳು ಅಷ್ಟು ನೇರವಾಗಿ ಕಾಣಬೇಕಾದರೆ ಇಂಥ ವಿಧೇಯ ಸ್ವಭಾವದ ಹೂಗಳೇ ಬೇಕು. ಡಾರ್ವಿನ್ ಹೈಬ್ರಿಡ್ ವರ್ಗವಾದರೋ ಆಸ್ಥಾನದ ಮಲ್ಲ. ಹಳೆಯ ಡಾರ್ವಿನ್ ತಳಿಗೂ ಫಾಸ್ಟರ್ ಟುಲಿಪ್ಪಿಗೂ ಸಂಕರ ಮಾಡಿ ಕಳೆದ ಶತಮಾನದ ನಡುವಿನಲ್ಲಿ ಡಚ್ಚರು ಪಡೆದ ಸಂತಾನವಿದು. 1951ರಲ್ಲಿ ಬಂದ ‘ಆಪೆಲ್‌ಡೋರ್ನ್’ ಇದರ ಪ್ರಖ್ಯಾತ ಪ್ರತಿನಿಧಿ. ಕೆಂಡದ ಕೆಂಪು, ಒಳಗೆ ಬುಡದಲ್ಲಿ ಕಪ್ಪು ಮಚ್ಚೆ. ಎರಡಡಿ ಎತ್ತರ ನಿಲ್ಲುವ ಈ ವರ್ಗದ ಹೂ ಎಲ್ಲಕ್ಕಿಂತ ದೊಡ್ಡದು. ಎರಡು ಮೂರು ವರ್ಷ ಅದೇ ನೆಲದಲ್ಲಿ ಮತ್ತೆ ಹೂ ಬಿಡುವ ಸಾಮರ್ಥ್ಯವೂ ಉಳಿದವುಗಳಿಗಿಂತ ಇದಕ್ಕೇ ಹೆಚ್ಚು.

ಕೊನೆಗೆ ಬರುವವರಲ್ಲಿ ಶೃಂಗಾರಪ್ರಿಯರೇ ಹೆಚ್ಚು. ಲಿಲಿಯಂತೆ ಚೂಪಾದ ತುದಿಗಳನ್ನು ಹೊರಕ್ಕೆ ಬಾಗಿಸಿಕೊಂಡವು, ಅಂಚಿಗೆ ಕುಚ್ಚು ಕಟ್ಟಿದಂತೆ ಸೀಳಿದವು, ಗಿಳಿಯ ಗರಿಯಂತೆ ದಳಗಳನ್ನು ಸುಕ್ಕಾಗಿಸಿಕೊಂಡ ‘ಪ್ಯಾರಟ್’ ವರ್ಗದವು, ಸೂಜಿಗೂ ಎಡೆಯಿಲ್ಲದಂತೆ ದಳ ತುಂಬಿಕೊಂಡ ಜೋಡಿಸುತ್ತಿನವು. ನೋಡಲು ಇವೇ ಚೆಲುವು. ಬಾಳಲು ಇವೇ ಕಷ್ಟ. ಕಾಶ್ಮೀರದ ಏಪ್ರಿಲ್ ತಿಂಗಳು ನಂಬಿಕೆಗೆ ಅರ್ಹವಾದುದಲ್ಲ. ಬೆಳಗ್ಗೆ ಬಿಸಿಲು, ಮಧ್ಯಾಹ್ನ ಬೆಟ್ಟದ ಮೇಲಿಂದ ಮೋಡ, ಸಂಜೆಗೆ ಗಾಳಿ ಮಳೆ, ಒಮ್ಮೊಮ್ಮೆ ಆಲಿಕಲ್ಲು. ಜೋಡಿಸುತ್ತಿನ ಹೂವಿನೊಳಗೆ ನೀರು ತುಂಬಿದರೆ ಭಾರಕ್ಕೆ ಕಾಂಡ ಮುರಿಯುತ್ತದೆ. ಗಿಳಿಗರಿಯ ಹೂ ಕೆಸರಿಗೆ ತಲೆಯಿಡುತ್ತದೆ. ಪಕ್ಕದ ಪಾತಿಯ ಟ್ರಯಂಫ್ ಹೂವೊ, ಬಟ್ಟಲನ್ನು ಮುಚ್ಚಿಕೊಂಡು ಮಳೆ ನಿಲ್ಲುವವರೆಗೆ ಕಾಯುತ್ತದೆ. ಎಲ್ಲರ ಕೊನೆಗೆ ಅರಳುವ ಒಂಟಿಸುತ್ತಿನ ತಳಿಗಳಲ್ಲಿ ‘ಕ್ವೀನ್ ಆಫ್ ನೈಟ್’ ಎಂಬುದನ್ನು ಕಪ್ಪು ಟುಲಿಪ್ ಎಂದು ಜನ ಕರೆಯುವುದುಂಟು. ಕಪ್ಪಲ್ಲ, ಬಿಸಿಲಿಗೆ ಹಿಡಿದರೆ ಮಾಗಿದ ನೇರಳೆಹಣ್ಣಿನ ಬಣ್ಣ. ನಿಜವಾದ ಕಪ್ಪು ಟುಲಿಪ್ ಯಾರ ತೋಟದಲ್ಲೂ ಇಲ್ಲ.

ಹೂ ಮುಚ್ಚಿಕೊಳ್ಳುವ ಮಾತು ಬಂತು. ಟುಲಿಪ್ ತೆರೆಯುವುದೂ ಮುಚ್ಚುವುದೂ ಬೆಚ್ಚನೆ ತಣ್ಣನೆಗಳ ಪ್ರಭಾವದಿಂದ. ಗಾಳಿ ಬೆಚ್ಚಗಾದರೆ ದಳದ ಒಳಮೈ ಹೊರಮೈಗಿಂತ ಬೇಗ ಬೆಳೆದು ಹೂ ಬಿಚ್ಚಿಕೊಳ್ಳುತ್ತದೆ; ತಣ್ಣಗಾದರೆ ಹೊರಮೈ ಬೆಳೆದು ಮುಚ್ಚುತ್ತದೆ. ಹೀಗೆ ದಿನವೂ ತೆರೆದು ಮುಚ್ಚುವುದರಲ್ಲಿ ದಳಗಳು ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತವೆ. ಮುಂಜಾನೆ ಬಂದವರಿಗೆ ಸಾಲು ಸಾಲು ಮುಚ್ಚಿದ ಮೊಗ್ಗುಗಳೇ ಕಾಣುವುದೂ, ಮಧ್ಯಾಹ್ನ ಬಂದವರಿಗೆ ಹೂವಿನ ಒಡಲಿನ ಮಚ್ಚೆ ಕೇಸರಗಳೂ ಕಾಣುವುದೂ ಇದರಿಂದಲೇ. ಟುಲಿಪ್ ಎಂಬ ಹೆಸರು ರುಮಾಲಿಗೆ ತುರ್ಕಿಯಲ್ಲಿರುವ ಪದದಿಂದ ಬಂದಿತೆನ್ನುತ್ತಾರೆ. ಮೈಸೂರು ಪೇಟವನ್ನು ಕಂಡ ಕಣ್ಣಿಗೆ ಮುಂಜಾನೆಯ ಮೊಗ್ಗು ಆ ಹೆಸರಿಗೆ ತಕ್ಕುದೇ ಎನಿಸೀತು.

ಈ ಹೂವನ್ನು ಹಾಲೆಂಡಿನದೆಂದು ತಿಳಿಯುವುದು ವಾಡಿಕೆ. ಕಾಶ್ಮೀರಕ್ಕಾದರೂ ಅದು ಹೊಸಬನಲ್ಲ. ಬಿಳಿಯ ದಳಗಳ ಹೊರಮೈಗೆ ಕೆಂಪು ಬಳಿದಂತಿರುವ ಒಂದು ಕಾಡು ಟುಲಿಪ್ ಪಶ್ಚಿಮ ಹಿಮಾಲಯದ ನಿವಾಸಿ. 1593ರಲ್ಲಿ ಲೈಡನ್ನಿಗೆ ಬಂದು ಅಲ್ಲಿನ ತೋಟದಲ್ಲಿ ಟುಲಿಪ್ ನೆಟ್ಟ ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ಸನ ಹೆಸರನ್ನೇ ವಿದ್ವಾಂಸರು ಅದಕ್ಕೆ ಇಟ್ಟಿದ್ದಾರೆ. 1620ರಲ್ಲಿ ಕಾಶ್ಮೀರದ ವಸಂತವನ್ನು ನೋಡಿದ ಜಹಾಂಗೀರ್ ಬಾದಶಹನಂತೂ ಇಲ್ಲಿನವರು ಮನೆಯ ಮಣ್ಣಿನ ಮಾಡಿನ ಮೇಲೆ ಟುಲಿಪ್ ಬೆಳೆಸುವುದನ್ನು ಕಂಡು, ಇಂಥ ಪದ್ಧತಿ ಕಾಶ್ಮೀರಕ್ಕೇ ವಿಶಿಷ್ಟವಾದುದೆಂದು ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟ. ಅವನ ಚಿತ್ರಕಾರ ಮನ್ಸೂರ್ ಬರೆದ ಕೆಂಪು ಟುಲಿಪ್ಪಿನ ಚಿತ್ರ ಇಂದಿಗೂ ಉಳಿದಿದೆ. ಮರದ ಮಾಡಿಗೆ ಭೂರ್ಜಪತ್ರದ ತೊಗಟೆಯನ್ನು ಹಾಸಿ, ಅದರ ಮೇಲೆ ಮಣ್ಣು ಹರಡಿ, ಹುಲ್ಲು ಹೂಗಳನ್ನು ಬೆಳೆಸುವುದು ಅಂದಿನ ಕ್ರಮ. ತೆಳುವಾದ ಮಣ್ಣು, ಹರಿದುಹೋಗುವ ನೀರು, ಚಳಿಗಾಲದಲ್ಲಿ ಹಿಮ, ಬೇಸಗೆಯಲ್ಲಿ ಒಣಬಿಸಿಲು; ಕಾಡು ಟುಲಿಪ್ಪಿನ ಹುಟ್ಟೂರಾದ ಬೆಟ್ಟದ ಇಳುಕಲೂ ಇಂಥದೇ. ಮಾಡಿನ ಮೇಲೆ ಗೆಡ್ಡೆ ವರ್ಷವರ್ಷವೂ ತಾನಾಗಿ ಅರಳುತ್ತಿತ್ತೆಂದರೆ ಆಶ್ಚರ್ಯವಿಲ್ಲ. ಈಗ ಕಾಶ್ಮೀರದ ಮನೆಗಳ ಮೇಲೆ ತಗಡು ಬಂದಿದೆ. ಮಣ್ಣಿನ ಮಾಡುಗಳು ಹುಡುಕಿ ನೋಡಬೇಕಾದಷ್ಟು ವಿರಳ.

ಜಬರ್ವಾನಿನ ಬೆನ್ನ ಹಿಂದೆ ಖೊನಮೊಹ್ ಎಂಬ ಊರಿದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದಿಂದ ಹೊರಟು, ಊರೂರು ಸುತ್ತಿ, ಕೊನೆಗೆ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನವನ್ನು ಸೇರಿದ ಬಿಲ್ಹಣ ಕವಿಯ ಹುಟ್ಟೂರು ಅದು. ಕನ್ನಡನಾಡಿನ ಬಿಸಿಲಿನಲ್ಲಿ ಕುಳಿತು ‘ವಿಕ್ರಮಾಂಕದೇವಚರಿತ’ವನ್ನು ಬರೆಯುವಾಗಲೂ ಆ ಕವಿಗೆ ತನ್ನ ಊರಿನ ಕುಂಕುಮಕೇಸರಿ ಮತ್ತು ದ್ರಾಕ್ಷಿಗಳ ನೆನಪು ಬಿಡಲಿಲ್ಲ. ಕನ್ನಡಿಗರು ಈ ತಪ್ಪಲಿಗೆ ಬಂದಾಗ ಹೂವಿನಿಂದ ಕಣ್ಣು ಕಿತ್ತು ಒಂದು ಸಲ ಆ ಬೆಟ್ಟದ ನೆತ್ತಿಯ ಕಡೆಗೂ ನೋಡುವುದು ಉಚಿತ.

ಇನ್ನು ಕಷ್ಟದ ಕಥೆ. ಟುಲಿಪ್ ಗೆಡ್ಡೆ ಹೂ ಬಿಟ್ಟ ಮೇಲೆ ತಾನು ಉಳಿಯುವುದಿಲ್ಲ. ತನ್ನ ಪದರಗಳಲ್ಲಿದ್ದುದನ್ನೆಲ್ಲ ಎಲೆಗೂ ಹೂವಿಗೂ ಕೊಟ್ಟು ಸವೆದುಹೋಗುತ್ತದೆ. ಅದರ ಜಾಗದಲ್ಲಿ ಮರಿಗೆಡ್ಡೆಗಳು ಹುಟ್ಟುತ್ತವೆ. ಆ ಮರಿಗಳು ಕೊಬ್ಬಬೇಕಾದರೆ ಹೂ ಬಾಡಿದ ಮೇಲೂ ಐದಾರು ವಾರ ಎಲೆಗಳು ಹಸಿರಾಗಿರಬೇಕು, ಹವೆ ತಂಪಾಗಿರಬೇಕು. ಹಾಲೆಂಡಿನಲ್ಲಿ ಸಮುದ್ರದ ಗಾಳಿ ವಸಂತವನ್ನು ಜೂನ್ ತಿಂಗಳವರೆಗೆ ಎಳೆಯುತ್ತದೆ. ಅದರಿಂದಲೇ ಅದು ಗೆಡ್ಡೆಗಳ ದೇಶ. ಶ್ರೀನಗರದಲ್ಲಿ ಹಗಲಿನ ಉಷ್ಣಮಾನ ಮಾರ್ಚಿಯಿಂದ ಮೇ ತಿಂಗಳಿಗೆ ದಾಪುಗಾಲಿನಲ್ಲಿ ಏರುತ್ತದೆ. ಎಲೆಗಳು ಬೇಗ ಹಳದಿಯಾಗುತ್ತವೆ. ಮರಿಗೆಡ್ಡೆಗಳು ಸಣ್ಣಗೆ ಉಳಿಯುತ್ತವೆ. ಸುತ್ತಳತೆ ಹತ್ತು ಹನ್ನೆರಡು ಸೆಂಟಿಮೀಟರ್ ತಲುಪದ ಗೆಡ್ಡೆ ಚೆಂದದ ಹೂ ಕೊಡುವುದು ದುರ್ಲಭ. ಆದ್ದರಿಂದ ಇಷ್ಟು ದೊಡ್ಡ ತೋಟ ಲಕ್ಷಗಟ್ಟಲೆ ಗೆಡ್ಡೆಗಳಿಗೆ ಹಾಲೆಂಡನ್ನೇ ನಂಬಬೇಕಾಗಿ ಬಂದಿದೆ. ಹೂ ನಮ್ಮ ನೆಲದಲ್ಲಿ ಅರಳಿದರೂ ಅದರ ಬಾಲ್ಯ ಪರದೇಶದಲ್ಲಿ ಕಳೆದಿರುತ್ತದೆ.

ಇದಕ್ಕೆ ಪರಿಹಾರ ಹುಡುಕುವ ಯತ್ನ ನಡೆಯದೆ ಇಲ್ಲ. ಹಿಮಾಚಲದ ಪಾಲಂಪುರದಲ್ಲಿರುವ ಹಿಮಾಲಯ ಜೈವಿಕ ಸಂಪತ್ತಿನ ತಂತ್ರಜ್ಞಾನ ಸಂಸ್ಥೆ, ಇನ್ನೂ ಎತ್ತರದ, ಇನ್ನೂ ತಣ್ಣನೆಯ ಲಾಹೌಲ್ ಕಣಿವೆಯಲ್ಲಿ ಗೆಡ್ಡೆಗಳನ್ನು ಕೊಬ್ಬಿಸಿ, 2022ರಲ್ಲಿ ತನ್ನದೇ ಟುಲಿಪ್ ತೋಟವನ್ನು ತೆರೆದಿತು. ಬೇಸಗೆಯಲ್ಲೂ ಹಗುರವಾದ ಬಿಸಿಲು, ಕಡಿಮೆ ಮಳೆ. ಗೆಡ್ಡೆಗೆ ಇದಕ್ಕಿಂತ ಹೆಚ್ಚಿನ ಸೌಖ್ಯ ಬೇಕಿಲ್ಲ. ಈ ಪ್ರಯತ್ನ ದೊಡ್ಡ ಪ್ರಮಾಣಕ್ಕೆ ಬೆಳೆದರೆ ಆ ಕಣಿವೆಯ ರೈತನಿಗೂ ಲಾಭ, ಶ್ರೀನಗರದ ತೋಟಕ್ಕೂ ಅನುಕೂಲ.

ಹವೆಯ ಚಂಚಲತೆಯೂ ಹೊಸ ಚಿಂತೆಯೇ. 2024ರ ಜನವರಿಯಲ್ಲಿ ಕಣಿವೆಗೆ ಹಿಮವೇ ಬೀಳಲಿಲ್ಲವೆನ್ನಬೇಕು. ಗುಲ್ಮಾರ್ಗದ ಇಳುಕಲುಗಳು ಕೂಡ ತಿಂಗಳ ಕೊನೆಯವರೆಗೆ ಬೋಳಾಗಿದ್ದವು. ರಾತ್ರಿಯ ಚಳಿ ಇದ್ದುದರಿಂದ ಗೆಡ್ಡೆಯ ತಪಸ್ಸು ಭಂಗವಾಗಲಿಲ್ಲ, ಉದ್ಯಾನ ಮಾರ್ಚಿ 23ಕ್ಕೆ ತೆರೆಯಿತು. 2023ರಲ್ಲಿ ಮಾರ್ಚಿ 19, 2025ರಲ್ಲಿ ಮಾರ್ಚಿ 26. ಹೀಗೆ ಬಾಗಿಲು ತೆರೆಯುವ ದಿನವನ್ನು ಪಂಚಾಂಗ ಹೇಳುವುದಿಲ್ಲ, ಹವೆ ಹೇಳುತ್ತದೆ. ದೂರದೂರಿನ ಸಂಸಾರಗಳಿಗೆ ಇದು ಸಣ್ಣ ಸಂಕಟವಲ್ಲ. ಮಕ್ಕಳ ಪರೀಕ್ಷೆ ಮುಗಿದು, ರಜ ಮಂಜೂರಾಗಿ, ವರ್ಷವೆಲ್ಲ ಕೂಡಿಟ್ಟ ಹಣದಲ್ಲಿ ಟಿಕೆಟ್ಟು ಕೊಂಡು ಏಪ್ರಿಲ್ ಕೊನೆಯ ವಾರಕ್ಕೆ ಬಂದಿಳಿದರೆ, ಆ ವರ್ಷ ಬಿಸಿಲು ಬೇಗ ಏರಿದ್ದಲ್ಲಿ, ಸಿಗುವುದು ದಳ ಉದುರಿದ ಕಾಂಡಗಳು. ತಂಪು ಹವೆಯಲ್ಲಿ ಎರಡು ವಾರ ನಿಲ್ಲುವ ಹೂ ಬಿಸಿಲು ಬಲವಾದರೆ ಮೂರು ನಾಲ್ಕು ದಿನಕ್ಕೆ ಸೋಲುತ್ತದೆ. ಏಪ್ರಿಲ್ ಮೊದಲ ಎರಡು ವಾರಗಳನ್ನು ಆರಿಸಿಕೊಂಡವರು ನಿರಾಶೆಗೊಳ್ಳುವ ಸಂಭವ ಕಡಿಮೆ. ಆಗ ಮೊದಲಿನವು ಪೂರ್ತಿ ಹೋಗಿರುವುದಿಲ್ಲ, ಕೊನೆಯವು ಮೊಗ್ಗಾಗಿರುತ್ತವೆ.

2020ರಲ್ಲಂತೂ ಯಾರೂ ಬರಲಿಲ್ಲ. ಕೊರೋನಾ ನಿರ್ಬಂಧದಿಂದ ದೇಶವೇ ಮನೆಯೊಳಗಿದ್ದ ಆ ವಸಂತದಲ್ಲಿ ಲಕ್ಷಾಂತರ ಟುಲಿಪ್ಪುಗಳು ಮುಚ್ಚಿದ ಬಾಗಿಲಿನ ಹಿಂದೆ ಅರಳಿ ಬಾಡಿದವು. ಹಿಂದಿನ ಶರತ್ಕಾಲದಲ್ಲಿ ನೆಟ್ಟವು. ಅವಕ್ಕೆ ನಿಲ್ಲಿರೆಂದು ಹೇಳುವವರಾರು?

ಇಷ್ಟು ಚೆಲುವನ್ನು ಕಂಡ ಮೇಲೆ ನಮ್ಮ ಕಡೆಯ ಗೃಹಿಣಿ, “ಏನೂಂದ್ರೆ, ಇದರ ನಾಲ್ಕು ಗೆಡ್ಡೆ ಸಿಕ್ಕಿದರೆ ನಮ್ಮ ಹಿತ್ತಿಲಲ್ಲೂ ಹಾಕಬಹುದಲ್ಲ?” ಎಂದು ಯಜಮಾನರನ್ನು ಕೇಳುವುದು ಸಹಜ. ಹಿತ್ತಿಲಲ್ಲಿ ಆಗದು, ಕುಂಡದಲ್ಲಿ ಒಂದು ಸಲಕ್ಕೆ ಆದೀತು. ಹೂವಿನ ವ್ಯಾಪಾರಿಗಳಿಂದ ದಪ್ಪ ಗೆಡ್ಡೆಗಳನ್ನು ಕೊಂಡು, ಕಾಗದದ ಚೀಲದಲ್ಲಿ ಹಾಕಿ, ಮನೆಯ ಫ್ರಿಜ್ಜಿನ ತರಕಾರಿ ಅರೆಯಲ್ಲಿ ಸೆಪ್ಟೆಂಬರಿನಿಂದ ಹನ್ನೆರಡು ವಾರ ಇಡಬೇಕು. ಜೊತೆಯಲ್ಲಿ ಸೇಬು, ಬಾಳೆ ಮುಂತಾದ ಹಣ್ಣುಗಳು ಇರಕೂಡದು. ಮಾಗುವ ಹಣ್ಣು ಬಿಡುವ ಅನಿಲಕ್ಕೆ ಗೆಡ್ಡೆಯೊಳಗಿನ ಮೊಗ್ಗು ಸತ್ತುಹೋಗುತ್ತದೆ. ಡಿಸೆಂಬರಿನಲ್ಲಿ ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು, ಮನೆಯ ಅತ್ಯಂತ ತಣ್ಣನೆಯ ಮೂಲೆಯಲ್ಲಿಟ್ಟರೆ ಕೆಲವು ವಾರಗಳಲ್ಲಿ ಹೂ ಬರಬಹುದು. ಕಾಂಡ ಗಿಡ್ಡಗಿರುತ್ತದೆ, ಹೂ ಹೆಚ್ಚು ದಿನ ನಿಲ್ಲದು, ಮರುವರ್ಷಕ್ಕೆ ಆ ಗೆಡ್ಡೆ ಬಾರದು. ಈ ಪ್ರಯೋಗಕ್ಕೆ ಟ್ರಯಂಫ್ ವರ್ಗವೇ ಮೇಲು. ಜೋಡಿಸುತ್ತಿನ ಆಸೆ ಬೇಡ.

ಮೇ ತಿಂಗಳಿನಲ್ಲಿ ತೋಟಕ್ಕೆ ಬರುವ ಅಪರೂಪದ ಪ್ರವಾಸಿಗೆ ಕಾಣುವುದು ಬೇರೆಯೇ ನೋಟ. ಮಾಲಿಗಳು ಬಾಡಿದ ಹೂಗಳ ತಲೆಗಳನ್ನು ಬೀಜ ಕಟ್ಟುವ ಮೊದಲೇ ಮುರಿದು ಹಾಕಿರುತ್ತಾರೆ. ಎಲೆಗಳನ್ನು ಮಾತ್ರ ಮುಟ್ಟುವುದಿಲ್ಲ. ಅವು ಹಳದಿಯಾಗಿ ನೆಲಕ್ಕೊರಗಿದ ಮೇಲೆ ಗೆಡ್ಡೆಗಳನ್ನು ಅಗೆದು, ಮಣ್ಣು ಕೊಡವಿ, ದಪ್ಪನೆಯವನ್ನೂ ಸಣ್ಣನೆಯವನ್ನೂ ಬೇರ್ಪಡಿಸಿ, ಗಾಳಿಯಾಡುವ ನೆರಳಿನಲ್ಲಿ ಹರಡುತ್ತಾರೆ. ಬೇಸಗೆ ಕಳೆದು, ಪಾಂಪೋರಿನ ಹೊಲಗಳಲ್ಲಿ ಕೇಸರಿಯ ಹೂ ಬಿಡಿಸುವ ದಿನಗಳು ಬಂದಾಗ, ಅವರ ಕೈಯಲ್ಲಿ ಮತ್ತೆ ಗುದ್ದಲಿ ಬರುತ್ತದೆ. ಅಲ್ಲಿಂದ ಡಿಸೆಂಬರಿನ ಹಿಮ ಬೀಳುವುದರೊಳಗೆ ಅಷ್ಟು ಲಕ್ಷ ಗೆಡ್ಡೆಗಳು, ಚೂಪಾದ ತುದಿ ಮೇಲಾಗಿ, ಒಂದೊಂದಾಗಿ ಕೈಯಿಂದಲೇ ಮಣ್ಣಿಗಿಳಿಯಬೇಕು.